ಈಜುಕೊಳವೂ ಹಾವಸೆಯೂ

ಮನೆಯ ಹಿತ್ತಿಲಲ್ಲಿ ಈಜುಕೊಳವನ್ನು ಕಟ್ಟಿಸಿಕೊಂಡ ಗೃಹಸ್ಥರು ಬೆಂಗಳೂರಿನಂತಹ ಊರುಗಳಲ್ಲಿ ಈಗ ತೀರ ಅಪರೂಪವಲ್ಲ. ಕಟ್ಟಿಸುವಾಗ ಇದ್ದ ಉತ್ಸಾಹವು ಮೊದಲನೆಯ ಬೇಸಗೆಯಲ್ಲಿಯೇ ಅರ್ಧಕ್ಕಿಳಿಯುವುದುಂಟು. ಸ್ಫಟಿಕದಂತಿದ್ದ ನೀರು ನಾಲ್ಕು ದಿನ ಪರಸ್ಥಳಕ್ಕೆ ಹೋಗಿ ಬರುವಷ್ಟರಲ್ಲಿ ಹಸುರಾಗಿ, ಗೋಡೆಯೆಲ್ಲ ಲೋಳೆಗಟ್ಟಿರುತ್ತದೆ. ಇದು ಬರಿಯ ಅಂದಚೆಂದದ ಮಾತಲ್ಲ. ಮಬ್ಬಾದ ನೀರಿನಲ್ಲಿ ಮಗುವೊಂದು ಮುಳುಗಿದರೆ ದಡದಲ್ಲಿ ನಿಂತ ತಾಯಿಗೂ ಕಾಣಿಸದು. ತಳವು ಸ್ಪಷ್ಟವಾಗಿ ಕಾಣುವ ತನಕ ಯಾರನ್ನೂ ನೀರಿಗಿಳಿಸತಕ್ಕದ್ದಲ್ಲ.

ಹಾವಸೆಯ ಸೂಕ್ಷ್ಮಕಣಗಳು ಗಾಳಿಯಿಂದಲೂ ಮಳೆಯಿಂದಲೂ ನಿತ್ಯವೂ ಕೊಳಕ್ಕೆ ಬೀಳುತ್ತಲೇ ಇರುತ್ತವೆ. ಅವು ಬಾರದಂತೆ ಮಾಡುವುದು ಅಸಾಧ್ಯ, ಬೆಳೆಯದಂತೆ ಮಾಡಬಹುದು. ಅದಕ್ಕೆ ನೀರಿನಲ್ಲಿ ಕ್ಲೋರಿನ್ ಒಂದು ದಿನವೂ ಇಲ್ಲವಾಗಕೂಡದು. 2016ನೆಯ ಇಸವಿಯ ಆಗಸ್ಟಿನಲ್ಲಿ ರಿಯೋ ನಗರದ ಒಲಿಂಪಿಕ್ ಕ್ರೀಡೆಗಳ ಧುಮುಕುವ ಕೊಳವು ಲೋಕದ ಕಣ್ಣೆದುರಿಗೇ ಹಸುರಾಯಿತಷ್ಟೆ! ಯಾರೋ ಸುರಿದ ಹೈಡ್ರೊಜನ್ ಪೆರಾಕ್ಸೈಡು ಕ್ಲೋರಿನಿನ ಶಕ್ತಿಯನ್ನು ಅಳಿಸಿತೆಂದು ವ್ಯವಸ್ಥಾಪಕರು ಬಳಿಕ ತಿಳಿಸಿದರು.

ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಇದ್ದರೆ ಸಾಮಾನ್ಯವಾಗಿ ಸಾಕು. 8 ಮೀಟರ್ ಉದ್ದ, 4 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಕೊಳವು 48,000 ಲೀಟರ್ ಹಿಡಿಯುತ್ತದೆ. ಅದರಲ್ಲಿ 1 ಮಿಲಿಗ್ರಾಂ ಏರಿಸಲು ಒಳ್ಳೆಯ ಬ್ಲೀಚಿಂಗ್ ಪುಡಿಯು ಸುಮಾರು 145 ಗ್ರಾಂ ಬೇಕು. ಮಳೆಗಾಲದ ತೇವದಲ್ಲಿ ಬಾಯಿ ತೆರೆದಿಟ್ಟ ಪುಡಿಗೆ ಈ ಲೆಕ್ಕ ಸಲ್ಲದು. ಅದರ ಸತ್ತ್ವವು ಹಾರಿಹೋಗಿರುತ್ತದೆ. ಬಿಸಿಲೂ ಕ್ಲೋರಿನನ್ನು ತಿಂದುಹಾಕುವುದರಿಂದ ಸಂಜೆಯ ಹೊತ್ತು ಹಾಕುವುದು ಮೇಲು. ನೀರಿನ ಕ್ಷಾರಗುಣವನ್ನೂ ಅಳೆಯಬೇಕು: ಪಿ.ಎಚ್. 7.5 ಇದ್ದಾಗ ಕ್ಲೋರಿನಿನ ಅರ್ಧಭಾಗವು ಚುರುಕಾಗಿ ಕೆಲಸ ಮಾಡಿದರೆ, 8ಕ್ಕೇರಿದಾಗ ಕಾಲುಭಾಗವಷ್ಟೇ ಮಾಡುತ್ತದೆ.

ಇಷ್ಟನ್ನೆಲ್ಲ ಪಾಲಿಸಿಯೂ ಹಾವಸೆಯ ಕಾಟ ತಪ್ಪಲಿಲ್ಲವೆಂದು ಹಲವರು ಕೊರಗುತ್ತಾರೆ. ಅಂತಹವರ ಮನೆಯಲ್ಲಿ ತೇಲುಬುಟ್ಟಿಯ ಬಿಳಿಯ ಬಿಲ್ಲೆಗಳನ್ನು ನಾವು ಮೊದಲು ಸಂಶಯಿಸುತ್ತೇವೆ. ಅನೇಕ ಬಿಲ್ಲೆಗಳಲ್ಲಿ ಕ್ಲೋರಿನಿನ ಜೊತೆಗೆ ಸಯನ್ಯೂರಿಕ್ ಆಮ್ಲವೂ ಸೇರಿರುತ್ತದೆ. ಲೀಟರಿಗೆ 30ರಿಂದ 50 ಮಿಲಿಗ್ರಾಂ ಇದ್ದರೆ ಅದು ಬಿಸಿಲಿನಿಂದ ಕ್ಲೋರಿನನ್ನು ಕಾಪಾಡುವ ಕೊಡೆಯಂತಿರುತ್ತದೆ. ಆದರೆ ಕ್ಲೋರಿನ್ ಖರ್ಚಾಗುತ್ತದೆ, ಈ ಆಮ್ಲವು ಉಳಿಯುತ್ತದೆ. ಆವಿಯಾಗದು, ಸೋಸುವ ಮರಳಿನಲ್ಲಿಯೂ ಸಿಕ್ಕದು. 10 ಮಿಲಿಗ್ರಾಂ ಕ್ಲೋರಿನಿನ ಹಿಂದೆ 6 ಮಿಲಿಗ್ರಾಂನಷ್ಟು ಆಮ್ಲವು ನೀರಿಗೆ ಸೇರುತ್ತ, ಕೆಲವು ತಿಂಗಳಲ್ಲಿ ನೂರನ್ನೂ ದಾಟುತ್ತದೆ. ಆಗ ಪರೀಕ್ಷೆಯ ಬಣ್ಣವು ಕ್ಲೋರಿನ್ ಬೇಕಾದಷ್ಟಿದೆಯೆಂದು ಹೇಳಿದರೂ, ಕಟ್ಟಿಹಾಕಿದ ಕಾವಲುನಾಯಿಯಂತೆ ಅದರಿಂದ ಕೆಲಸವಾಗದು. ಯಜಮಾನರು ಮತ್ತಷ್ಟು ಬಿಲ್ಲೆ ಹಾಕುತ್ತಾರೆ, ಅಂಗಡಿಯವರು ಬಣ್ಣದ ಸೀಸೆಯೊಂದನ್ನು ಮಾರುತ್ತಾರೆ, ಹಾವಸೆಯು ಸುಖವಾಗಿರುತ್ತದೆ.

ಇದಕ್ಕೆ ಸುಲಭವಾದ ಮದ್ದೆಂದರೆ ಅರ್ಧ ನೀರನ್ನು ಹೊರಹಾಕಿ ಹೊಸನೀರು ತುಂಬುವುದು. ಸುಲಭವೆಂದೆವು, ಅಗ್ಗವೆನ್ನಲಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಳಿಯು ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ವಿಧಿಸಿದ್ದನ್ನು ವಾಚಕರು ಮರೆತಿರಲಾರರು. ಬಿಲ್ಲೆಗಳನ್ನು ಮಿತವಾಗಿಟ್ಟು, ಆಮ್ಲದ ಪ್ರಮಾಣವನ್ನು ತಿಂಗಳಿಗೊಮ್ಮೆ ಅಳೆದರೆ ಈ ನಷ್ಟಕ್ಕೆ ಎಡೆಯಿರದು.

ಹಾವಸೆ ಹಿಡಿದೇಬಿಟ್ಟರೆ ಗೋಡೆ, ಮೆಟ್ಟಿಲು, ಮೂಲೆಗಳನ್ನು ಬಿರುಸಾಗಿ ಉಜ್ಜಬೇಕು. ಸೋಸುಯಂತ್ರವನ್ನು ಹಗಲಿರುಳೂ ನಡೆಸಬೇಕು. ಸಂಜೆ ಕ್ಲೋರಿನನ್ನು ಲೀಟರಿಗೆ 10 ಮಿಲಿಗ್ರಾಂನವರೆಗೆ ಏರಿಸಬೇಕು. ಉಜ್ಜದೆ ಹಾಕಿದ ಮದ್ದು ಲೋಳೆಯ ಒಳಕ್ಕೆ ಇಳಿಯದು. ಹಸುರು ಹೋಗಿ ನೀರು ಬೂದಿಬಣ್ಣಕ್ಕೆ ತಿರುಗಿದರೆ ಹಾವಸೆ ಸತ್ತಿತೆಂದು ತಿಳಿಯಬಹುದು. ಕ್ಲೋರಿನ್ ಇಳಿದು ನೀರು ತಿಳಿಯಾಗುವವರೆಗೆ ಈಜು ಬೇಡ. ಅಡಿಕೆತೋಟದವರಿಗೆ ಪರಿಚಿತವಾದ ಮೈಲುತುತ್ತವೂ ಹಾವಸೆಯನ್ನು ಕೊಲ್ಲಬಲ್ಲುದು. ಆದರೆ ಗಾರೆಯ ಮೇಲೆ ಕಲೆಯುಳಿಸುವ ಅದನ್ನು ಮನೆಯ ಕೊಳಕ್ಕೆ ನಾವು ಸೂಚಿಸಲಾರೆವು.

ಕಡೆಯದಾಗಿ, ಬಿಲ್ಲೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದಿಗೂ ಬೆರೆಸತಕ್ಕದ್ದಲ್ಲ. ಒಂದೇ ಸೌಟನ್ನು ಎರಡಕ್ಕೂ ಬಳಸಲೂಬಾರದು. ಅವು ಕೂಡಿದರೆ ಬೆಂಕಿ ಹತ್ತಿಕೊಂಡು ಸಿಡಿಯಬಹುದು. ಆಮ್ಲವು ಇವೆರಡರಲ್ಲಿ ಯಾವುದಕ್ಕೆ ತಗಲಿದರೂ ವಿಷವಾಯು ಏಳುತ್ತದೆ. ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರನ್ನು ಸುರಿಯಬಾರದು. ಡಬ್ಬಿಗಳನ್ನು ಮಕ್ಕಳ ಕೈಗೆ ಎಟುಕದಂತೆ ಬೇರೆ ಬೇರೆ ಎಡೆಗಳಲ್ಲಿ ಬೀಗ ಹಾಕಿಟ್ಟು, ಒಂದೊಂದಕ್ಕೂ ಕನ್ನಡದಲ್ಲಿ ಬರೆದ ಚೀಟಿಯನ್ನು ಅಂಟಿಸತಕ್ಕದ್ದು. ಕೊಳವನ್ನು ನೋಡಿಕೊಳ್ಳುವ ಆಳಿಗೆ ಅದರ ಮೇಲಿನ ಇಂಗ್ಲಿಷ್ ಬರಹವು ತಿಳಿದೀತೆಂದು ನಂಬಿ ಕೂರಬಾರದು.