ಯಾರ್ಡ್ ಎಂದರೆ ಮೂರಡಿಯೋ, ಮಂಡಿಯೋ? ಒಂದೇ ಪದಕ್ಕೆ ಹಲವು ಅರ್ಥ ಬರುವುದೇಕೆ

ಬೆಂಗಳೂರು: ಮೂರು ಅಡಿ ಸೇರಿದರೆ ಒಂದು ಯಾರ್ಡ್ ಎಂದು ಬಾಯಿಪಾಠ ಮಾಡಿದ ವಿದ್ಯಾರ್ಥಿ ಯಶವಂತಪುರದ ಎಪಿಎಂಸಿ ಯಾರ್ಡ್ ಮುಂದೆ ಬಸ್ಸಿನಿಂದ ಇಳಿದರೆ ಅಲ್ಲಿ ಕಾಣುವುದು ಅಳತೆಗೋಲಲ್ಲ, ಮೂಟೆಗಳ ರಾಶಿ, ಲಾರಿಗಳ ಸಾಲು, ಹಮಾಲರ ಓಡಾಟ. ಪ್ಲಾಂಟ್ ಎಂದರೆ ಗಿಡ ಎಂದು ಕಲಿತವನು ಯಲಹಂಕಕ್ಕೆ ಹೋದರೆ, 1984ರಲ್ಲಿ ‘ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್’ ಎಂಬ ಹೆಸರಿನಲ್ಲಿ ಉದ್ಘಾಟನೆಯಾದ ರೈಲು ಗಾಲಿ ಕಾರ್ಖಾನೆ ಎದುರಾಗುತ್ತದೆ. ಅಲ್ಲಿರುವುದು ಗಿಡವಲ್ಲ, ಉಕ್ಕು ಕರಗಿಸುವ ಕುಲುಮೆ. ಆರ್.ಟಿ. ನಗರದ ವಿಳಾಸದಲ್ಲಿ ‘ಪೋಸ್ಟ್’ ಎಂದರೆ ಅಂಚೆ. ಉದ್ಯೋಗ ಜಾಹೀರಾತಿನಲ್ಲಿ ಅದೇ ಪೋಸ್ಟ್ ಹುದ್ದೆ. ಫುಟ್ಬಾಲ್ ಮೈದಾನದಲ್ಲಿ ಕಂಬ.

ಇಂಗ್ಲಿಷಿನಲ್ಲಿ ಒಂದೊಂದು ಪದಕ್ಕೂ ಇಷ್ಟೊಂದು ಅರ್ಥಗಳೇಕೆ ಎಂಬುದು ಆ ಭಾಷೆಯನ್ನು ಕಲಿಯುವ ಪ್ರತಿಯೊಬ್ಬರ ಪ್ರಶ್ನೆ. ಇದು ಕೇವಲ ಕುತೂಹಲದ ಸಂಗತಿಯೂ ಅಲ್ಲ. ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನ ತರಗತಿಗೆ ಕಾಲಿಡುವ ವಿದ್ಯಾರ್ಥಿ ಎಷ್ಟೋ ಸಲ ಎಡವುವುದು ವಿಷಯದಲ್ಲಲ್ಲ, ಇಂಥ ಪದಗಳಲ್ಲಿ.

ಎರಡು ಪದ, ಒಂದೇ ವೇಷ

ಒಂದು ಪದಕ್ಕೆ ಹಲವು ಅರ್ಥಗಳು ಕೂಡಿಕೊಳ್ಳುವುದು ಎರಡು ಬಗೆಯಲ್ಲಿ. ಮೊದಲನೆಯದು ಆಕಸ್ಮಿಕ. ಬೇರೆ ಬೇರೆ ಮೂಲದ ಎರಡು ಪದಗಳು ಕಾಲಕ್ರಮೇಣ ಸವೆದು ಒಂದೇ ರೂಪ ತಳೆಯುತ್ತವೆ. ಯಶವಂತಪುರದ ಯಾರ್ಡ್ ಇದಕ್ಕೆ ಉತ್ತಮ ನಿದರ್ಶನ. ಹಳೆಯ ಇಂಗ್ಲಿಷಿನಲ್ಲಿ ಆವರಣಕ್ಕೆ ಒಂದು ಪದವಿತ್ತು, ಕೋಲಿಗೆ ಮತ್ತೊಂದಿತ್ತು. ಆವರಣದ ಪದದಿಂದ ಮನೆಯಂಗಳ, ಗೋದಾಮಿನ ಅಂಗಳ, ಮಾರುಕಟ್ಟೆಯ ಪ್ರಾಂಗಣ ಎಂಬ ಅರ್ಥಗಳು ಬಂದವು. ಕೋಲಿನ ಪದದಿಂದ ಅಳತೆಗೋಲು, ಅದರಿಂದ 36 ಅಂಗುಲದ ಅಳತೆ ಬಂತು. ಉಚ್ಚಾರ ಬದಲಾಗುತ್ತಾ ಎರಡೂ ‘ಯಾರ್ಡ್’ ಆದವು. ಹೂದೋಟವನ್ನು ಸೂಚಿಸುವ ‘ಗಾರ್ಡನ್’ ಪದವು ಆವರಣದ ಯಾರ್ಡಿಗೆ ದೂರದ ನೆಂಟ. ಅಳತೆಯ ಯಾರ್ಡಿಗೆ ಅಲ್ಲ.

ಕನ್ನಡದಲ್ಲಿ ಯಾರ್ಡಿಗೆ ‘ಗಜ’ ಎನ್ನುತ್ತೇವೆ. ಆ ಪದದ ಕಥೆಯೂ ಹಾಗೆಯೇ ಇದೆ ಎಂಬುದು ಗಮನಾರ್ಹ. ಬಟ್ಟೆ ಅಳೆಯುವ ಗಜ ಪಾರ್ಸಿಯಿಂದ ಬಂದದ್ದು. ಆನೆಯನ್ನು ಸೂಚಿಸುವ ಗಜ ಸಂಸ್ಕೃತದ್ದು. ಇವೆರಡಕ್ಕೂ ಯಾವ ಸಂಬಂಧವೂ ಇಲ್ಲ. ‘ಅಂಚೆ’ ಎಂದರೆ ಇಂದು ಟಪಾಲು; ಹಳಗನ್ನಡದ ಕವಿಗಳಿಗೆ ಅದು ಹಂಸಪಕ್ಷಿ. ‘ಕಲೆ’ ಚಿತ್ರಗಾರನ ಕೌಶಲವೂ ಹೌದು, ಅಂಗಿಗೆ ಅಂಟಿದ ಮಚ್ಚೆಯೂ ಹೌದು. ಸಂಸ್ಕೃತದ ಅಮರಕೋಶದಲ್ಲಿ ಇಂಥ ಪದಗಳಿಗಾಗಿಯೇ ‘ನಾನಾರ್ಥ ವರ್ಗ’ ಎಂಬ ಪ್ರತ್ಯೇಕ ಭಾಗವಿದೆ. ಅಂದರೆ ನಾನಾರ್ಥದ ಸಮಸ್ಯೆ ಇಂಗ್ಲಿಷಿನ ಸ್ವತ್ತೇನೂ ಅಲ್ಲ.

ಒಂದೇ ಪದ, ಹಲವು ವೇಷ

ಎರಡನೆಯ ಬಗೆ ಆಕಸ್ಮಿಕವಲ್ಲ. ಅಲ್ಲಿ ಪದ ಒಂದೇ. ಹೊಸ ವಸ್ತುವಿಗೆ ಹೊಸ ಹೆಸರು ಹುಡುಕುವ ಬದಲು ಜನರು ಹಳೆಯ ಹೆಸರನ್ನೇ ಹಿಗ್ಗಿಸುತ್ತಾರೆ. ಈ ಬಗೆಯ ಬಹ್ವರ್ಥಕ್ಕೆ ಫ್ರಾನ್ಸಿನ ಭಾಷಾತಜ್ಞ ಮಿಶೆಲ್ ಬ್ರೆಯಾಲ್ 1897ರಲ್ಲಿ ‘ಪಾಲಿಸೆಮಿ’ ಎಂದು ಹೆಸರಿಟ್ಟರು.

ಹೆಬ್ಬಾಳದ ಕೆರೆಯ ದಂಡೆಯಲ್ಲಿ ನಿಂತರೆ ಇದರ ಸೊಗಸಾದ ಉದಾಹರಣೆ ಸಿಗುತ್ತದೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ನಮ್ಮ ಕೆರೆಗಳೆಲ್ಲ ‘ಟ್ಯಾಂಕ್’ಗಳೇ. ಈ ಪದ ಇಂಗ್ಲಿಷಿಗೆ ಸೇರಿದ್ದು 17ನೇ ಶತಮಾನದಲ್ಲಿ, ಭಾರತದಿಂದಲೇ. ನೀರಿನ ಕುಂಡಕ್ಕೆ ಗುಜರಾತಿ ಮುಂತಾದ ಭಾಷೆಗಳಲ್ಲಿದ್ದ ಪದಕ್ಕೆ ಅದೇ ಅರ್ಥದ ಪೋರ್ಚುಗೀಸ್ ಪದದ ಬಲವೂ ಸೇರಿತು ಎನ್ನಲಾಗುತ್ತದೆ. ಮೊದಲು ಕೆರೆಯಾಗಿದ್ದದ್ದು ನೀರು ತುಂಬಿಡುವ ಲೋಹದ ತೊಟ್ಟಿಯಾಯಿತು; ಮುಂದೆ ವಾಹನದ ಪೆಟ್ರೋಲ್ ಟ್ಯಾಂಕ್ ಆಯಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಕವಚ ತೊಡಿಸಿದ ಯುದ್ಧವಾಹನವನ್ನು ಗುಟ್ಟಾಗಿ ತಯಾರಿಸುತ್ತಿದ್ದಾಗ, ಸುದ್ದಿ ಶತ್ರುವಿಗೆ ಸೋರದಿರಲೆಂದು ಅದಕ್ಕೆ ‘ಟ್ಯಾಂಕ್’ ಎಂಬ ಮರೆಹೆಸರು ಕೊಡಲಾಯಿತು. 1916ರಲ್ಲಿ ಅದು ರಣರಂಗಕ್ಕಿಳಿದ ಮೇಲೂ ಹೆಸರು ಉಳಿಯಿತು. ಹೀಗೆ ಕೆರೆ, ಮನೆಯ ಮೇಲಿನ ನೀರಿನ ತೊಟ್ಟಿ, ಸೇನೆಯ ಯುದ್ಧವಾಹನ ಮೂರೂ ಒಂದೇ ಪದದ ಮಕ್ಕಳು.

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಮುಂದೆ ಸಾಗಿದರೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ. ಅಲ್ಲಿ ಪ್ಲಾಂಟ್ ಎಂದರೆ ಸಸ್ಯ. ಇನ್ನೂ ಮುಂದಿನ ಯಲಹಂಕದಲ್ಲಿ ಅದು ಕಾರ್ಖಾನೆ. ಲ್ಯಾಟಿನ್ ಮೂಲದ ಈ ಪದಕ್ಕೆ ಮೊದಲ ಅರ್ಥ ಸಸಿ. ಸಸಿಯನ್ನು ಒಂದೆಡೆ ಊರುವುದರಿಂದ ‘ನೆಲೆಗೊಳಿಸು’ ಎಂಬ ಅರ್ಥ ಹುಟ್ಟಿತು; ಹಾಗೆ ನೆಲೆಗೊಳಿಸಿದ ಯಂತ್ರಸಮೂಹಕ್ಕೂ ಅದೇ ಹೆಸರಾಯಿತು. ಕನ್ನಡದಲ್ಲಿ ಪವರ್ ಪ್ಲಾಂಟಿಗೆ ‘ವಿದ್ಯುತ್ ಸ್ಥಾವರ’ ಎನ್ನುತ್ತೇವಲ್ಲವೇ? ಸ್ಥಾವರ ಎಂದರೆ ಇದ್ದಲ್ಲೇ ನೆಲೆನಿಂತದ್ದು. ಸಂಸ್ಕೃತದಲ್ಲಿ ಗಿಡಮರಗಳನ್ನೂ ಸ್ಥಾವರ ಎಂದೇ ಕರೆಯುತ್ತಾರೆ. ಸಾವಿರಾರು ಮೈಲಿ ದೂರದ ಎರಡು ಭಾಷೆಗಳು ಗಿಡಕ್ಕೂ ಕಾರ್ಖಾನೆಗೂ ಒಂದೇ ಜಾಡು ಹಿಡಿದಿವೆ.

ಯಲಹಂಕದ ಗಾಲಿಗಳು ಹೊರುವ ರೈಲ್ವೆ ‘ಕೋಚ್’ ಪದ ಹಂಗೇರಿಯ ಕೋಚ್ ಎಂಬ ಊರಿನದು. ಆ ಊರಿನ ಕುದುರೆಗಾಡಿಗಳು ಹೆಸರಾಗಿದ್ದವು. 19ನೇ ಶತಮಾನದಲ್ಲಿ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು ತಮ್ಮನ್ನು ಪರೀಕ್ಷೆ ದಾಟಿಸುವ ಪಾಠಗಾರನನ್ನು ತಮಾಷೆಗೆ ಕೋಚ್ ಎಂದರು. ಇಂದಿನ ಕ್ರಿಕೆಟ್ ಕೋಚ್ ಮತ್ತು ಕೋಚಿಂಗ್ ಸೆಂಟರುಗಳ ಮೂಲ ಆ ತಮಾಷೆಯೇ.

ಹೆಚ್ಚು ಬಳಕೆ, ಹೆಚ್ಚು ಅರ್ಥ

ಎಲ್ಲ ಪದಗಳೂ ಹೀಗೆ ಹಿಗ್ಗುವುದಿಲ್ಲ. ಪದ ಎಷ್ಟು ಹೆಚ್ಚು ಬಳಕೆಯಾಗುತ್ತದೆಯೋ ಅದರ ಅರ್ಥಗಳೂ ಅಷ್ಟು ಹೆಚ್ಚುತ್ತವೆ ಎಂಬುದನ್ನು ಅಮೆರಿಕದ ಜಾರ್ಜ್ ಕಿಂಗ್ಸ್‌ಲಿ ಜಿಫ್ 1945ರಲ್ಲೇ ತೋರಿಸಿದ್ದರು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದದ್ದು ಮೂರಕ್ಷರದ ‘ಸೆಟ್’. ಅನಂತರದ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದ 600ಕ್ಕೂ ಹೆಚ್ಚು ಅರ್ಥಗಳೊಡನೆ ಅದನ್ನು ಹಿಂದಿಕ್ಕಿತು. ಬೆಂಗಳೂರಿಗರೂ ಸೆಟ್ ಪದವನ್ನು ಸುಮ್ಮನೆ ಬಿಟ್ಟಿಲ್ಲ. ಹೋಟೆಲಿನ ಸೆಟ್ ದೋಸೆ, ಸಿನಿಮಾದ ಸೆಟ್, ಟಿ.ವಿ. ಸೆಟ್ ಎಲ್ಲವೂ ನಮ್ಮ ಮಾತಿನಲ್ಲಿ ಸೇರಿವೆ.

ಇದು ಭಾಷೆಯ ದೋಷವಲ್ಲ, ಮಿತವ್ಯಯ ಎಂದು ಅಮೆರಿಕದ ಸಂಶೋಧಕರು 2012ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ವಾದಿಸಿದ್ದಾರೆ. ಸಂದರ್ಭವೇ ಅರ್ಥವನ್ನು ತಿಳಿಸುವಾಗ ಚಿಕ್ಕದಾದ, ನಾಲಿಗೆಗೆ ಸುಲಭವಾದ ಪದವನ್ನೇ ಮತ್ತೆ ಮತ್ತೆ ಬಳಸುವುದು ಲಾಭದಾಯಕ ಎಂಬುದು ಅವರ ತರ್ಕ.

ಇಂಗ್ಲಿಷಿನಲ್ಲೇ ಗೊಂದಲ ಹೆಚ್ಚೇಕೆ?

ಹಾಗಾದರೆ ಕನ್ನಡದಲ್ಲಿ ಕಾಡದ ಗೊಂದಲ ಇಂಗ್ಲಿಷಿನಲ್ಲಿ ಕಾಡುವುದೇಕೆ? ಮೊದಲ ಕಾರಣ ಅದರ ಇತಿಹಾಸ. ಜರ್ಮಾನಿಕ್ ಮೂಲದ ಆ ಭಾಷೆಗೆ ಸ್ಕ್ಯಾಂಡಿನೇವಿಯದ ವಲಸಿಗರ ಪದಗಳು, 1066ರ ನಾರ್ಮನ್ ವಿಜಯದ ಬಳಿಕ ಫ್ರೆಂಚ್ ಪದಗಳು, ಮುಂದೆ ಲ್ಯಾಟಿನ್ ಮತ್ತು ಗ್ರೀಕ್ ಪದಗಳು ಹರಿದುಬಂದವು. ಬಂದವರು ಹೆಚ್ಚಾದಂತೆ ಮುಖಹೋಲಿಕೆಯೂ ಹೆಚ್ಚಿತು. ಪೋಸ್ಟ್ ಪದವನ್ನೇ ನೋಡಿ. ಕಂಬದ ಪೋಸ್ಟ್ ಲ್ಯಾಟಿನ್ನಿನ ಒಂದು ಪದದ್ದು. ಅಂಚೆ ಮತ್ತು ಹುದ್ದೆಯ ಪೋಸ್ಟ್‌ಗಳು ‘ಇರಿಸು’ ಎಂಬ ಅರ್ಥದ ಮತ್ತೊಂದರಿಂದ ಬಂದವು. ‘ಪೋಸ್ಟ್ ಗ್ರಾಜುಯೇಟ್’ ಎಂಬಲ್ಲಿನದು ‘ನಂತರ’ ಎಂಬ ಅರ್ಥದ ಮೂರನೆಯದು.

ಎರಡನೆಯ ಕಾರಣ ವ್ಯಾಕರಣ. ಕನ್ನಡದಲ್ಲಿ ‘ಏಳು ಗಂಟೆಗೆ ಏಳು’ ಎಂದರೆ ಯಾರೂ ತಬ್ಬಿಬ್ಬಾಗುವುದಿಲ್ಲ. ಪ್ರತ್ಯಯ ಸೇರಿದೊಡನೆ ದಾರಿಗಳು ಬೇರೆಯಾಗುತ್ತವೆ: ಸಂಖ್ಯೆ ‘ಏಳರಲ್ಲಿ’ ಆಗುತ್ತದೆ, ಕ್ರಿಯೆ ‘ಎದ್ದನು’ ಆಗುತ್ತದೆ. ‘ಆಡಿನ ಹಾಲು’ ಬೇರೆ, ‘ಆಡಿದ ಮಾತು’ ಬೇರೆ. ಇಂಗ್ಲಿಷ್ ತನ್ನ ಹಳೆಯ ಪ್ರತ್ಯಯಗಳಲ್ಲಿ ಬಹುಪಾಲನ್ನು ಕಳೆದುಕೊಂಡಿದೆ. ಅಲ್ಲಿ ‘ವಾಟರ್’ ನೀರೂ ಹೌದು, ನೀರೆರೆಯುವುದೂ ಹೌದು. ನಾಮಪದವೋ ಕ್ರಿಯಾಪದವೋ ಎಂಬುದನ್ನು ವಾಕ್ಯದಲ್ಲಿ ಅದು ಕುಳಿತ ಜಾಗವೇ ಹೇಳಬೇಕು.

ಮೂರನೆಯದು ಕಾಗುಣಿತ. ಎಲ್, ಇ, ಎ, ಡಿ ಎಂಬ ನಾಲ್ಕು ಅಕ್ಷರಗಳನ್ನು ‘ಲೀಡ್’ ಎಂದು ಓದಿದರೆ ಮುನ್ನಡೆಸು, ‘ಲೆಡ್’ ಎಂದು ಓದಿದರೆ ಸೀಸ. ಇದರ ಮೇಲೆ ಕನ್ನಡಿಗರ ಕಿವಿಯದೊಂದು ತೊಡಕಿದೆ. ದ್ರಾಕ್ಷಿ ಬಳ್ಳಿಯ ‘ವೈನ್’ ಮತ್ತು ಕುಡಿಯುವ ‘ವೈನ್’ ಇಂಗ್ಲಿಷಿನಲ್ಲಿ ಬೇರೆ ಬೇರೆ ವ್ಯಂಜನಗಳಿಂದ ಆರಂಭವಾಗುತ್ತವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ವಕಾರ. ಹೀಗಾಗಿ ಇಂಗ್ಲಿಷಿನವರಿಗಿಲ್ಲದ ಕೆಲವು ಜೋಡಿಗಳು ನಮಗೆ ಹೆಚ್ಚುವರಿಯಾಗಿ ಸಿಗುತ್ತವೆ.

ತರಗತಿಯಲ್ಲಿ ಎಡವುವುದೆಲ್ಲಿ?

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸಲಾಗುತ್ತಿದೆ. ಆದರೂ ಕಲಿಕೆ ಎಷ್ಟೋ ಕಡೆ ‘ಒಂದು ಪದ, ಒಂದು ಅರ್ಥ’ ಎಂಬ ಪಟ್ಟಿಯ ರೂಪದಲ್ಲೇ ನಡೆಯುತ್ತದೆ. ರೂಟ್ ಎಂದರೆ ಬೇರು, ಪವರ್ ಎಂದರೆ ಅಧಿಕಾರ, ಸಲ್ಯೂಷನ್ ಎಂದರೆ ಪರಿಹಾರ, ವಾಲ್ಯೂಮ್ ಎಂದರೆ ಸಂಪುಟ. ಪಿಯುಸಿಯಲ್ಲಿ ಇವೇ ಪದಗಳು ವರ್ಗಮೂಲ, ಘಾತ, ದ್ರಾವಣ, ಘನಫಲಗಳಾಗಿ ಎದುರು ನಿಲ್ಲುತ್ತವೆ. ಈ ನಾಲ್ಕೂ ಪರಿಕಲ್ಪನೆಗಳನ್ನು ಹತ್ತನೇ ತರಗತಿಯೊಳಗೆ ಕನ್ನಡದಲ್ಲಿ ಚೆನ್ನಾಗಿ ಅರಿತಿದ್ದ ವಿದ್ಯಾರ್ಥಿ, ತನಗೆ ವಿಜ್ಞಾನವೇ ಬಾರದೆಂದು ಭಾವಿಸುವಂತಾಗುತ್ತದೆ. ಬಾರದಿರುವುದು ವಿಜ್ಞಾನವಲ್ಲ, ಪದದ ಎರಡನೆಯ ಅರ್ಥ.

ಎರಡು ಅರ್ಥಗಳ ನಡುವಿನ ಸೇತುವೆ ತೋರಿಸಿದರೆ ಭಾರ ಅರ್ಧ ಇಳಿಯುತ್ತದೆ. ಲ್ಯಾಟಿನ್ನಿನಲ್ಲಿ ‘ಸೆಲ್ಲಾ’ ಎಂದರೆ ಪುಟ್ಟ ಕೋಣೆ. ಸೆರೆಮನೆಯ ಸೆಲ್ ಅದೇ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಬೆಂಡಿನ ತುಣುಕನ್ನು ನೋಡಿ, ಅಲ್ಲಿ ಕಂಡ ಪುಟ್ಟ ಗೂಡುಗಳಿಗೂ ಅದೇ ಹೆಸರಿಟ್ಟ. ಕನ್ನಡವೂ ‘ಕೋಶ’ ಎಂಬ ಒಂದೇ ಪದವನ್ನು ಹಿಗ್ಗಿಸಿದೆ. ಆದರೆ ಜೀವಕೋಶ, ವಿದ್ಯುತ್ಕೋಶ, ಶಬ್ದಕೋಶ ಎಂದು ಪ್ರತಿಯೊಂದಕ್ಕೂ ವಿಶೇಷಣ ಜೋಡಿಸಿ ಗೊಂದಲ ತಪ್ಪಿಸಿದೆ. ಗಣಿತದ ರೂಟಿಗೆ ‘ಮೂಲ’ ಎನ್ನುತ್ತೇವೆ. ಸಂಸ್ಕೃತದಲ್ಲಿ ಮೂಲ ಎಂದರೂ ಬೇರೇ.

ಪದದ ನೆರೆಹೊರೆ ನೋಡಿ

ಇಂಗ್ಲಿಷ್ ಮಾತೃಭಾಷೆಯವರು ಏಕೆ ತಡವರಿಸುವುದಿಲ್ಲ? ಅಮೆರಿಕದ ಮನೋಭಾಷಾತಜ್ಞ ಡೇವಿಡ್ ಸ್ವಿನಿ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ನೀಡಿತು. ‘ಬಗ್’ ಎಂದರೆ ಕೀಟ. ಕದ್ದಾಲಿಸುವ ಯಂತ್ರವೂ ಹೌದು. ವಾಕ್ಯದಲ್ಲಿ ಆ ಪದ ಕಿವಿಗೆ ಬಿದ್ದ ಕ್ಷಣ ಕೇಳುಗನ ಮನಸ್ಸಿನಲ್ಲಿ ಎರಡೂ ಅರ್ಥಗಳು ಏಳುತ್ತವೆ. ಒಂದು ಸೆಕೆಂಡು ಕಳೆಯುವುದರೊಳಗೆ ಸಂದರ್ಭಕ್ಕೆ ಹೊಂದದ್ದು ಕರಗಿಹೋಗುತ್ತದೆ. ಆಯ್ಕೆ ನಡೆದದ್ದೇ ಅವನಿಗೆ ತಿಳಿಯುವುದಿಲ್ಲ. ‘ಏಳು ಗಂಟೆಗೆ ಏಳು’ ಎಂದು ಕೇಳಿದ ಕನ್ನಡಿಗನಿಗೂ ತಿಳಿಯದು. ಅದು ಜಾಣತನದ ಫಲವಲ್ಲ, ಆ ಪದಗಳನ್ನು ಸಾವಿರಾರು ಸಲ ವಾಕ್ಯಗಳಲ್ಲಿ ಕೇಳಿದ್ದರ ಫಲ.

ಆದ್ದರಿಂದ ಪದವನ್ನು ಒಂಟಿಯಾಗಿ ಉರು ಹೊಡೆಯುವುದಕ್ಕಿಂತ ಅದರ ನೆರೆಹೊರೆಯೊಡನೆ ಕಲಿಯುವುದು ಹೆಚ್ಚು ಫಲಕಾರಿ. ‘ಸ್ಕ್ವೇರ್ ರೂಟ್’, ‘ಸಾಲ್ಟ್ ಸಲ್ಯೂಷನ್’, ‘ಪವರ್ ಆಫ್ ಎ ಲೆನ್ಸ್’ ಎಂದು ಜೋಡಿಯಾಗಿ ಕಲಿತರೆ ಅರ್ಥ ತಾನಾಗಿ ಅಂಟಿಕೊಳ್ಳುತ್ತದೆ. ನಿಘಂಟು ತೆರೆದಾಗ ಮೊದಲ ಅರ್ಥಕ್ಕೇ ನಿಲ್ಲದೆ ಎರಡನೆಯದನ್ನೂ ಮೂರನೆಯದನ್ನೂ ವಾಕ್ಯಕ್ಕೆ ಹೊಂದಿಸಿ ನೋಡುವ ರೂಢಿ ಬೆಳೆಯಬೇಕು. ಶಿಕ್ಷಕರು ಹೊಸ ಪಾಠ ಆರಂಭಿಸುವ ಮುನ್ನ ಅದರಲ್ಲಿರುವ ನಾಲ್ಕೈದು ನಾನಾರ್ಥ ಪದಗಳನ್ನು ಕನ್ನಡದ ಪಾರಿಭಾಷಿಕ ಪದಗಳ ಜೊತೆ ಕರಿಹಲಗೆಯ ಮೇಲೆ ಬರೆದರೆ ಹತ್ತು ನಿಮಿಷವೂ ಹಿಡಿಯದು. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಅದರಿಂದ ಇಡೀ ಪಾಠ ಉಳಿದೀತು.

ಯಶವಂತಪುರದ ಯಾರ್ಡಿಗೆ ಈರುಳ್ಳಿ ಮೂಟೆ ಹೊತ್ತು ತರುವ ಲಾರಿ ಚಾಲಕ ಅದು ಮೂರಡಿ ಉದ್ದದ್ದೇ ಎಂದು ಎಂದೂ ಕೇಳಿದವನಲ್ಲ. ಪದವನ್ನು ಅವನು ಪಟ್ಟಿಯಲ್ಲಿ ಕಲಿಯಲಿಲ್ಲ, ಜಾಗದಲ್ಲಿ ಕಲಿತ.