ತೇವದ ಮನೆಯೂ ಮಂಕಾದ ಮನಸ್ಸೂ

ಮಂಜೂರಿನ ಆಸುಪಾಸಿನಲ್ಲಿ ಮಳೆಗಾಲ ಒಂದಲ್ಲ, ಎರಡು. ನೈರುತ್ಯ ಮಾರುತದ ತೇವ ಆರುವ ಮುನ್ನವೇ ಅಕ್ಟೋಬರ್‌ನಲ್ಲಿ ಈಶಾನ್ಯ ಮಾರುತ ಬಂದೆರಗುತ್ತದೆ. ಸಮೀಪದ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂ.ಮೀ.ಗೂ ಹೆಚ್ಚು ಮಳೆ ಸುರಿದುದುಂಟು. ಬಿಸಿಲು ಕಾಣದ ಇಂಥ ವಾರಗಳಲ್ಲಿ ಗೋಡೆಯ ಮೂಲೆಗಳು ಕಪ್ಪಾಗುತ್ತವೆ; ಪೆಟ್ಟಿಗೆಯ ಬಟ್ಟೆಗಳಿಗೆ ಮುಗ್ಗಲು ವಾಸನೆ ಹತ್ತುತ್ತದೆ; ಪುಸ್ತಕದ ರಟ್ಟಿನ ಮೇಲೆ ಬೂಷ್ಟು ಏಳುತ್ತದೆ.

ಬೂಷ್ಟು ಎಂಬುದು ಶಿಲೀಂಧ್ರ. ಚಹಾ ಚಿಗುರಿನಲ್ಲಿ ಬೊಬ್ಬೆ ಎಬ್ಬಿಸುವ ರೋಗವನ್ನು ಬಲ್ಲ ಬೆಳೆಗಾರರ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅದೂ ಶಿಲೀಂಧ್ರವೇ, ಅದಕ್ಕೂ ತೇವವೇ ಆಧಾರ. ನೆನೆದ ಗೋಡೆ, ಮರ ಅಥವಾ ಬಟ್ಟೆ ಒಂದೆರಡು ದಿನ ಒಣಗದೆ ಉಳಿದರೆ ಬೂಷ್ಟು ಬೆಳೆಯತೊಡಗುತ್ತದೆ. ಅದರ ಬೀಜಕಣಗಳು ಗಾಳಿಯಲ್ಲಿ ತೇಲಿ ಉಸಿರಿನೊಡನೆ ಒಳಸೇರುತ್ತವೆ. ತೇವ ಮತ್ತು ಬೂಷ್ಟಿನ ಮನೆಗಳಲ್ಲಿ ಕೆಮ್ಮು, ಉಬ್ಬಸ ಹೆಚ್ಚೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ 2009ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಮನಸ್ಸಿನ ಮಾತು ಇಷ್ಟು ಸರಳವಲ್ಲ. ಯುರೋಪಿನ ಎಂಟು ನಗರಗಳ ಸುಮಾರು 5,900 ವಯಸ್ಕರ ಮಾಹಿತಿಯನ್ನು ಆಧರಿಸಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೂಷ್ಟು ಹಿಡಿದ ಮನೆಗಳಿಗೂ ಖಿನ್ನತೆಗೂ ಸಂಬಂಧವನ್ನು ಕಂಡಿತು. ಆ ಸಂಬಂಧಕ್ಕೆ ಬೂಷ್ಟಿನಿಂದಾದ ದೈಹಿಕ ಕಾಯಿಲೆ ಒಂದು ಕಾರಣವಾಗಿ ತೋರಿತು. ‘ನನ್ನ ಮನೆ ನನ್ನ ಹತೋಟಿಯಲ್ಲಿಲ್ಲ’ ಎಂಬ ಭಾವ ಇನ್ನೊಂದು. ಎಷ್ಟು ಒರೆಸಿದರೂ ಮರಳುವ ಕಲೆ, ರಿಪೇರಿಗೆ ಹಣವಿಲ್ಲದಿರುವುದು, ಬಂಧುಗಳನ್ನು ಒಳಕರೆಯಲು ಸಂಕೋಚ: ತೋಟದ ಲೈನ್ ಮನೆಗಳನ್ನು ಕಂಡವರಿಗೆ ಈ ಎರಡನೆಯ ಕಾರಣ ಬೇಗ ಅರ್ಥವಾದೀತು. ಬೀಜಕಣಗಳನ್ನು ಉಸಿರಾಡಿದ ಇಲಿಗಳ ಮಿದುಳಿನಲ್ಲಿ ಉರಿಯೂತವೂ ನೆನಪಿನ ಕುಂದೂ ಆತಂಕವೂ ಕಂಡುಬಂದುದನ್ನು 2020ರ ಪ್ರಯೋಗವೊಂದು ವರದಿ ಮಾಡಿತು. ಆದರೆ ಇಲಿಯ ಫಲಿತವನ್ನು ಮಗುವಿಗೆ ನೇರವಾಗಿ ಅನ್ವಯಿಸಲಾಗದು. ಬೂಷ್ಟೇ ಖಿನ್ನತೆಯನ್ನು ಹುಟ್ಟಿಸುತ್ತದೆಂದು ಇಂದಿನವರೆಗೆ ಸಾಬೀತಾಗಿಲ್ಲ. ಬಡತನ, ಚಳಿ, ಇಕ್ಕಟ್ಟು ಎಲ್ಲವೂ ಅದೇ ಮನೆಯಲ್ಲಿರುತ್ತವೆ.

ಹಾಗಿದ್ದರೂ ಶಿಕ್ಷಕರಿಗೆ ಇದರಿಂದ ಒಂದು ಪ್ರಯೋಜನವುಂಟು. ಮಳೆಗಾಲದುದ್ದಕ್ಕೂ ಮಂಕಾಗಿ ಕುಳಿತು ತೂಕಡಿಸುವ ವಿದ್ಯಾರ್ಥಿಯನ್ನು ‘ಸೋಮಾರಿ’ ಎಂದು ಬರೆದಿಡುವ ಮುನ್ನ, ರಾತ್ರಿ ಕೆಮ್ಮಿನಿಂದ ನಿದ್ರೆ ಕೆಡುತ್ತಿದೆಯೇ, ಮಲಗುವ ಗೋಡೆ ಒದ್ದೆಯೇ ಎಂದು ಏಕಾಂತದಲ್ಲಿ ಕೇಳಬಹುದು. ತರಗತಿಯ ನಡುವೆ ಕೇಳಿದರೆ ಮಗುವಿಗೆ ಅವಮಾನ.

ಪೋಷಕರಿಗೆ ತಿಳಿಸಬೇಕಾದ ಮೊದಲ ಮಾತು, ತೇವದ ಮೂಲವನ್ನು ಮುಚ್ಚದೆ ಬಣ್ಣ ಬಳಿದರೆ ವ್ಯರ್ಥ ಎಂಬುದು. ಸೋರುವ ಹೆಂಚು, ಒಡೆದ ಕೊಳವೆ ಮೊದಲು ಸರಿಯಾಗಲಿ. ಬೀರುವನ್ನು ಗೋಡೆಯಿಂದ ಗೇಣು ದೂರ ಸರಿಸಬೇಕು. ಬಿಸಿಲು ಬಂದಾಗ ಕಿಟಕಿಗಳನ್ನು ತೆರೆಯಬೇಕು. ಬೂಷ್ಟನ್ನು ಒಣಗಿದಂತೆಯೇ ಗುಡಿಸದೆ, ಮೂಗು ಬಾಯಿ ಮುಚ್ಚಿಕೊಂಡು ಸೋಪುನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಕೋಣೆ ಒಣಗಲೆಂದು ಬಾಗಿಲು ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆ ಇಡುವುದಂತೂ ಪ್ರಾಣಾಪಾಯಕರ; ಅದರ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಎರಡು ವಾರ ಮೀರಿ ಮಗು ಆಟವನ್ನೂ ಊಟವನ್ನೂ ಗೆಳೆಯರನ್ನೂ ತೊರೆದಿದ್ದರೆ ಗೋಡೆ ಒಣಗುವವರೆಗೆ ಕಾಯುವಂತಿಲ್ಲ; ವೈದ್ಯರನ್ನು ಕಾಣಿಸಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಪೋಷಕರೂ ಶಿಕ್ಷಕರೂ ಉಚಿತವಾಗಿ ಕರೆ ಮಾಡಬಹುದು.