‘ಮುಂಗಾರು ಮಳೆ’ಯ ಮದುವೆ ಮನೆ

ಪ್ರೇಮಿಗಳು ಹಿರಿಯರನ್ನೆದುರಿಸಿ ಗೆಲ್ಲುವುದು ಚಲಚ್ಚಿತ್ರಗಳಲ್ಲಿ ಹಳೆಯ ಸಂಗತಿ. 2006ರ ಡಿಸೆಂಬರಿನಲ್ಲಿ ತೆರೆಕಂಡ, ಯೋಗರಾಜ ಭಟ್ಟರ ‘ಮುಂಗಾರು ಮಳೆ’ ಬೇರೆ ಹಾದಿ ಹಿಡಿಯಿತು.

ಮಡಿಕೇರಿಯ ಕರ್ನಲ್ ಸುಬ್ಬಯ್ಯನವರ ಮನೆಯಲ್ಲಿ ಮಗಳು ನಂದಿನಿಯ ಮದುವೆಯ ಸಂಭ್ರಮ. ವರ, ಹಿರಿಯರು ಗೊತ್ತುಮಾಡಿದವನು. ಕೊಡವರ ಮದುವೆಯಲ್ಲಿ ಪುರೋಹಿತರಿಲ್ಲ. ಹಿರಿಯರು ಅಕ್ಕಿ ಚೆಲ್ಲಿ ಹರಸಿದರೆ ಅದೇ ಮಂತ್ರ. ಅಂಥ ನಾಡಿನಲ್ಲಿ ಹಿರಿಯರ ಮಾತಿಗಿರುವ ತೂಕವನ್ನು ಬೇರೆ ಹೇಳಬೇಕೆ?

ತಾಯಿಯೊಡನೆ ಅತಿಥಿಯಾಗಿ ಬಂದ ಪ್ರೀತಮ್ ನಂದಿನಿಗೆ ಮನಸೋಲುತ್ತಾನೆ, ಅವಳೂ ಒಲಿಯುತ್ತಾಳೆ. ಆದರೆ ತನ್ನನ್ನು ನಂಬಿದ ಹೃದ್ರೋಗಿ ತಂದೆಯ ಮುಖ ನೋಡಿ ಅವನು ಹಿಂದೆ ಸರಿಯುತ್ತಾನೆ. ಗಣೇಶ್, ಪೂಜಾ ಗಾಂಧಿ, ಅನಂತನಾಗ್ ಅಭಿನಯಿಸಿದ ಈ ಚಿತ್ರ ಬೆಂಗಳೂರಿನಲ್ಲಿ ವರ್ಷಕ್ಕೂ ಮೀರಿ ಓಡಿತು.

ಮದುವೆ ನೆರವೇರಿತು, ಮನೆಯ ಮಾನ ಉಳಿಯಿತು. ಪ್ರೀತಮನ ತ್ಯಾಗಕ್ಕೆ ಕಣ್ಣೀರಿಟ್ಟ ನಾವು, ನಂದಿನಿಯ ಮನಸ್ಸನ್ನು ಕೇಳಿದವರಾರೆಂದು ಯೋಚಿಸಿದೆವೆ? ಮಗಳ ಒಪ್ಪಿಗೆಯೂ ಮನೆತನದ ಮರ್ಯಾದೆಯೇ ಅಲ್ಲವೆ?